ಮಳೆಗಾಲದಲ್ಲಿ ವ್ಯಾನ್‌ಡೈಕ್ ಬ್ರೌನ್: ಇಲ್ಲಿಯವರೆಗಿನ ಕತೆ

ಕಾಗದಕ್ಕೆ ದ್ರಾವಣ ಬಳಿದು, ಮೇಲೆ ನೆಗೆಟಿವ್ ಇಟ್ಟು, ಬಿಸಿಲಲ್ಲಿ ಫೋಟೋ ಮೂಡಿಸುವ ಹಳೇ ವಿಧಾನ ಸಯನೋಟೈಪ್. ಅದರ ನೀಲಿ ಈಗ ಕೈಗೆ ಕೂತಿದೆ. ಮುಂದಿನ ಹುಚ್ಚು ವ್ಯಾನ್‌ಡೈಕ್ ಬ್ರೌನ್, ಅದೇ ಥರ ಆದರೆ ಬೆಳ್ಳಿಯಿಂದ ಕಂದು ಚಿತ್ರ ಕೊಡೋದು. ಎರಡಕ್ಕೂ ಬೇಕಾದ ಫೆರಿಕ್ ಅಮೋನಿಯಂ ಸಿಟ್ರೇಟ್ ಮನೆಯಲ್ಲೇ ಇತ್ತು. ಟಾರ್ಟಾರಿಕ್ ಆಸಿಡ್, ಸಿಲ್ವರ್ ನೈಟ್ರೇಟ್ ತರೋದಕ್ಕೆ ಮುಂಬೈಯ ಮರೀನ್ ಲೈನ್ಸ್ ಸ್ಟೇಷನ್ನಿನಲ್ಲಿ ಇಳಿದು ಪ್ರಿನ್ಸೆಸ್ ಸ್ಟ್ರೀಟಿಗೆ ಹೋದೆ. ಬೆಳ್ಳಿ ಸೇರಿದ ಮೇಲೆ ಬೆಲೆ ಕೇಳೋದೇ ಬೇಡ. ಅದಕ್ಕೇ ಒಂದು ಸಲಕ್ಕೆ ನೂರು ಮಿ.ಲೀ. ಆಸುಪಾಸು ದ್ರಾವಣ ಸಾಕು.

ಲೆಕ್ಕ ಸರಳ. 33 ಮಿ.ಲೀ. ನೀರಿಗೆ 9 ಗ್ರಾಂ ಸಿಟ್ರೇಟ್, ಇನ್ನೊಂದು 33ಕ್ಕೆ 1.5 ಗ್ರಾಂ ಟಾರ್ಟಾರಿಕ್, ಮತ್ತೊಂದು 33ಕ್ಕೆ 3.8 ಗ್ರಾಂ ಸಿಲ್ವರ್ ನೈಟ್ರೇಟ್. ಮೊದಲೆರಡನ್ನು ಬೆರೆಸಿಕೊಳ್ಳಬೇಕು. ಆಮೇಲೆ ಬೆಳ್ಳಿಯ ನೀರನ್ನು ಡ್ರಾಪರ್‌ನಲ್ಲಿ ನಿಧಾನಕ್ಕೆ ಬಿಡುತ್ತಾ ಕಲಕಬೇಕು. ಕಂದು ಬಾಟಲಿಗೆ ತುಂಬಿ, ಕೆಲವು ದಿನ ಕತ್ತಲಲ್ಲಿಟ್ಟರೆ ಇನ್ನೂ ಚೆನ್ನ.

ನೀರು ಮಾತ್ರ ಡಿಸ್ಟಿಲ್ಡ್ ಆಗಿರಲೇಬೇಕು. ಯಾಕೆ ಅಂತ ನೋಡಬೇಕಿದ್ದರೆ ಒಂದು ಗ್ಲಾಸಿನಲ್ಲಿ ನಳದ ನೀರು ಹಿಡಿದು, ಸಿಲ್ವರ್ ನೈಟ್ರೇಟಿನ ಒಂದೇ ಒಂದು ಹನಿ ಬಿಡಿ. ಹನಿ ಬಿದ್ದಲ್ಲಿಂದ ಬಿಳಿ ಹೊಗೆಯ ಹಾಗೆ ಎಳೆ ಇಳಿಯುತ್ತದೆ, ಕಲಕಿದರೆ ನೀರೆಲ್ಲಾ ಮಬ್ಬು. ನೀರಿನಲ್ಲಿರುವ ಕ್ಲೋರೈಡ್ ಜೊತೆ ಬೆಳ್ಳಿ ಸೇರಿ ಸಿಲ್ವರ್ ಕ್ಲೋರೈಡ್ ಆಗೋದು ಅದು. ದುಡ್ಡು ಕೊಟ್ಟು ತಂದ ಬೆಳ್ಳಿ ತಳಕ್ಕೆ!

ಗ್ಲೌಸ್, ಕನ್ನಡಕ ಬಿಡೋ ಹಾಗಿಲ್ಲ. ಸಿಲ್ವರ್ ನೈಟ್ರೇಟ್ ಕಣ್ಣಿಗೆ ಬಿದ್ದರೆ ಕಷ್ಟ. ಚರ್ಮಕ್ಕೆ ತಾಗಿದರೆ ಕಲೆ ತಕ್ಷಣ ಕಾಣೋದಿಲ್ಲ, ಬೆಳಕಿಗೆ ಹೋದ ಮೇಲೆ ಕಪ್ಪಾಗುತ್ತದೆ. ಗ್ಲೌಸ್ ಮುಗಿಯೋ ಕಡೆ, ಮಣಿಕಟ್ಟಿನ ಹತ್ತಿರ ಒಂದು ಹನಿ ಸಿಡಿದು ಆದ ಕಲೆ ನೋಡಿ ಅಮ್ಮ, "ಯಾರ ಮದುವೆಗೆ ಮದರಂಗಿ?" ಅಂದರು. ಅಳತೆಯ ಪಾತ್ರೆಗಳಿಗೆ ಅಡುಗೆಮನೆ ಪ್ರವೇಶ ಇಲ್ಲ, ಅದು ಅವರದ್ದೇ ಆಜ್ಞೆ. ಸರಿಯಾಗೇ ಇದೆ.

ಸೂತ್ರಕ್ಕಿಂತ ಜಾಸ್ತಿ ಕಾಡೋದು ಮುಂಬೈಯ ತೇವ. ದ್ರಾವಣ ಬಳಿದ ಕಾಗದ ಬಾತ್‌ರೂಮಿನ ಹಳದಿ ಬಲ್ಬಿನ ಕೆಳಗೆ ಒಣಗೋದೇ ಇಲ್ಲ. ಮೇಲ್ಮೈ ಒಣಗಿದ ಹಾಗೆ ಕಾಣುತ್ತದೆ, ಬೆನ್ನು ಮುಟ್ಟಿದರೆ ತಣ್ಣಗೆ. ಅಂಥದ್ದರ ಮೇಲೆ ನೆಗೆಟಿವ್ ಇಟ್ಟರೆ ಬೆಳ್ಳಿ ಅದಕ್ಕೇ ಅಂಟಿ ನೆಗೆಟಿವ್ ಹಾಳು. ಈಗ ಹೇರ್ ಡ್ರೈಯರಿನ ತಣ್ಣನೆ ಗಾಳಿ ಕೊಟ್ಟು, ನಡುವೆ ತೆಳು ಪ್ಲಾಸ್ಟಿಕ್ ಹಾಳೆ ಇಡುತ್ತೇನೆ. ಬಿಸಿಲಂತೂ ನಂಬೋ ಹಾಗಿಲ್ಲ ಅಲ್ವಾ, ಯುವಿ ಟ್ಯೂಬಿನ ಪೆಟ್ಟಿಗೆಯೇ ಗತಿ.

ಮೊದಲ ತೊಳೆತಕ್ಕೆ ಒಂದು ಚಿಟಿಕೆ ಸಿಟ್ರಿಕ್ ಆಸಿಡ್ ಹಾಕಿದ ನೀರು. ಕಿರಾಣಿ ಅಂಗಡಿಯಲ್ಲಿ ನಿಂಬೂ ಫೂಲ್ ಅಂತ ಕೇಳಿದರೆ ಕೊಡುತ್ತಾರೆ. ಆಗ ಕಾಗದದಲ್ಲಿ ಉಳಿದ ದ್ರಾವಣದ ಹಳದಿ ಬಿಡುತ್ತದೆ. ಆಮೇಲೆ 3% ಹೈಪೋ, ಅಂದರೆ ಚಿತ್ರವನ್ನು ಸ್ಥಿರಗೊಳಿಸುವ ಸೋಡಿಯಂ ಥಯೋಸಲ್ಫೇಟ್ ದ್ರಾವಣ. ನೋಡೋದಕ್ಕೆ ಮಜಾ ಇರೋದು ಇಲ್ಲೇ. ಸಪ್ಪೆ ಕಿತ್ತಳೆಯಾಗಿದ್ದ ಚಿತ್ರ ಕಣ್ಣೆದುರೇ ಗಾಢ ಕಂದಾಗುತ್ತದೆ. ಜಾಸ್ತಿ ಹೊತ್ತು ಬಿಟ್ಟರೆ ಹೈಪೋ ತಿಳಿ ಛಾಯೆಗಳನ್ನು ತಿಂದುಹಾಕುತ್ತದೆ, ಎರಡು ನಿಮಿಷ ಸಾಕು.

ಮಾಟುಂಗಾ ಮಾರುಕಟ್ಟೆಯ ಹೂವಿನ ಬುಟ್ಟಿಯ ಪ್ರಿಂಟ್ ಚೆನ್ನಾಗಿ ಬಂದಿದೆ, ನೆರಳಿನ ಭಾಗಗಳಲ್ಲಿ ಮಾತ್ರ ವಿವರ ಸ್ವಲ್ಪ ಕಪ್ಪಿನಲ್ಲಿ ಮುಚ್ಚಿದೆ. ಒಣಗಿದ ಮೇಲೆ ಇನ್ನೊಂದು ಛಾಯೆ ಗಾಢವಾಗೋದನ್ನು ಲೆಕ್ಕಕ್ಕೆ ತಗೊಂಡು ಮುಂದಿನದಕ್ಕೆ ಬೆಳಕು ಕಡಿಮೆ ಕೊಡಬೇಕು.