ಎರಡು ಸಾಲು ಹಲ್ಲು

ನಿನ್ನೆ ರಾತ್ರಿ ಹಲ್ಲುಜ್ಜಿಸುವಾಗ ಮಗಳು 'ಆ' ಅಂತ ಬಾಯಿ ತೆರೆದಳು. ಕೆಳಗಿನ ಹಾಲುಹಲ್ಲಿನ ಹಿಂದೆ, ನಾಲಿಗೆಯ ಕಡೆಗೆ, ಇನ್ನೊಂದು ಹಲ್ಲು! ಅಂಚು ಪುಟ್ಟ ಗರಗಸದ ಹಾಗಿದೆ. ಬಣ್ಣ ಸ್ವಲ್ಪ ಹಳದಿ. ಮುಂದಿರುವ ಹಾಲುಹಲ್ಲು ಮಾತ್ರ ಅಲ್ಲಾಡುವ ಲಕ್ಷಣವೇ ಇಲ್ಲ. ಎದೆ ಧಸಕ್ಕೆಂದಿತು.

ಹಲ್ಲಿನ ಡಾಕ್ಟರ್ ನೋಡಿ ನಕ್ಕರು. ಆರು ವರ್ಷದ ಆಸುಪಾಸಿನಲ್ಲಿ ಇದು ಮಾಮೂಲಂತೆ. ಹೊಸ ಹಲ್ಲು ಮೇಲೆ ಬರುತ್ತಾ ಬರುತ್ತಾ ಹಾಲುಹಲ್ಲಿನ ಬೇರು ಕರಗುತ್ತದೆ, ಆಗಲೇ ಅದು ಸಡಿಲವಾಗುವುದು. ಇದು ಹಿತ್ತಿಲ ಬಾಗಿಲಿನಿಂದ ಬಂದಿದೆ, ಹಾಗಾಗಿ ಬೇರು ಪೂರ್ತಿ ಕರಗಿಲ್ಲ. ಹಳೆಯದು ಬಿದ್ದ ಮೇಲೆ, ಜಾಗ ಇದ್ದರೆ, ನಾಲಿಗೆಯೇ ಹೊಸದನ್ನು ನಿಧಾನಕ್ಕೆ ಮುಂದೆ ತಳ್ಳುತ್ತದೆ. ದಿನಾ ಅಲ್ಲಾಡಿಸುತ್ತಿರಲಿ, ಎರಡು ಮೂರು ತಿಂಗಳಾದರೂ ಜಗ್ಗದಿದ್ದರೆ ಕೀಳೋಣ ಎಂದರು.

ಹಳೆಯದು ಜಾಗ ಬಿಟ್ಟ ಮೇಲೇ ಹೊಸದು ಬರುತ್ತೆ ಅಂದುಕೊಂಡಿದ್ದೆ. ಸುಮ್ನೆ ಒಂದು ನಂಬಿಕೆ ಅಷ್ಟೇ, ಅಲ್ವಾ? ಇಲ್ಲಿ ನೋಡಿದರೆ ಎರಡೂ ಒಂದಕ್ಕೊಂದು ಅಂಟಿಕೊಂಡು ಕೂತಿವೆ.

ಅವಳಿಗೋ ಭಾರೀ ಜಂಬ. ಶಾರ್ಕಿಗೂ ಹೀಗೇ ಸಾಲು ಸಾಲು ಹಲ್ಲಂತೆ! ಕನ್ನಡಿ ಮುಂದೆ ನಿಂತು ಎಣಿಸಿ, "ನಂಗೆ 21, ನಿಂಗೆಷ್ಟಮ್ಮಾ?" ಅಂತಾಳೆ.

32 ಅಂದೆ. ಕೀಳಿಸಿದ ಎರಡು ಬುದ್ಧಿಹಲ್ಲಿನ ವಿಷಯ ಹೇಳಲಿಲ್ಲ.