ಸೊನ್ನೆ ಅಂದ್ರೆ ‘ಮುಟ್ಟಬೇಡ’ ಅಂತಲ್ಲ

ಬಳ್ಳಾರಿಯಲ್ಲಿ ಮನೆಯಿಂದಲೇ ಕೆಲಸ ಮಾಡುತ್ತೇನೆ. ನಮ್ಮ ತಂಡದ್ದು ಸಾಫ್ಟ್‌ವೇರ್ ಸ್ವಿಚ್, ಅಂದರೆ ಸರ್ವರ್ ಒಳಗೇ ಕೂತು ಪ್ಯಾಕೆಟ್‌ಗಳನ್ನು, ಅಂದರೆ ಡೇಟಾದ ತುಂಡುಗಳನ್ನು, ಅತ್ತಿತ್ತ ಸಾಗಿಸುವ ಪ್ರೋಗ್ರಾಂ. ಇಂಥ ಪ್ಯಾಕೆಟ್ ಬಂದರೆ ಹೆಡರ್‌ನಲ್ಲಿ (ಪ್ಯಾಕೆಟ್‌ನ ಮೊದಲಿಗೆ ಇರುವ ವಿವರದಲ್ಲಿ) ಇದನ್ನು ಬದಲಿಸು ಅಂತ ಕಂಟ್ರೋಲರ್ ಅದಕ್ಕೆ ಮೆಸೇಜ್ ಕಳಿಸುತ್ತದೆ. ಆ ಮೆಸೇಜ್‌ನ ರೂಪ ಹೇಗಿರಬೇಕು ಅಂತ ಬರೆಯುವ ಕೆಲಸ ನನಗೆ ಬಂದಿತ್ತು.

ನಾನು ಸುಲಭದ ದಾರಿ ಹಿಡಿದೆ. ಒಂದೇ ಸ್ಟ್ರಕ್ಟ್, ಅಂದರೆ ಖಾನೆಗಳು ಮೊದಲೇ ಗೊತ್ತಾದ ಒಂದು ಫಾರಂ ಥರ, ಅದರಲ್ಲಿ ಮ್ಯಾಕ್, ಐಪಿ, ಪೋರ್ಟ್, ಟಾಸ್ ಬೈಟ್ ಎಲ್ಲಕ್ಕೂ ಒಂದೊಂದು ಜಾಗ. ಬದಲಿಸಬೇಕಾದ್ದನ್ನು ತುಂಬು, ಉಳಿದದ್ದು ಸೊನ್ನೆ ಇರಲಿ, ಸೊನ್ನೆ ಅಂದ್ರೆ ಮುಟ್ಟಬೇಡ. ಕೆಲವು ವಾರ ಚೆನ್ನಾಗಿಯೇ ನಡೆಯಿತು.

ಒಂದಿನ ರಾಯಚೂರಿನಿಂದ ಟೆಸ್ಟಿಂಗ್ ನೋಡುವ ಹುಡುಗ ಫೋನ್ ಮಾಡಿದ. "ಅಣ್ಣಾ, ಡಿಎಸ್‌ಸಿಪಿ ಸೊನ್ನೆ ಮಾಡು ಅಂತ ಕಳಿಸಿದ್ರ ಏನೂ ಆಗವಲ್ದು. 46 ಹಂಗೇ ಹೊರಗ ಬರ್ಲಿಕತ್ತದ."

ಡಿಎಸ್‌ಸಿಪಿ ಅಂದರೆ ಪ್ಯಾಕೆಟ್‌ನ ಆದ್ಯತೆ ಹೇಳುವ ಸಂಖ್ಯೆ, ಟಾಸ್ ಬೈಟ್ ಒಳಗೆ ಇರೋದು. ಅದರಲ್ಲಿ 46 ಅನ್ನೋದು ಸಾಮಾನ್ಯವಾಗಿ ಧ್ವನಿ ಕರೆಗಳಿಗೆ ಹಾಕುವ ಗುರುತು, ಸಾಲಿನಲ್ಲಿ ಮುಂದೆ ಹೋಗೋಕೆ. ಯಾರೋ ತಮ್ಮ ಫೈಲ್ ಡೌನ್‌ಲೋಡ್‌ಗೂ ಅದನ್ನೇ ಹಾಕಿಕೊಂಡು ಬಂದರೆ, ನೆಟ್‌ವರ್ಕ್‌ನ ಬಾಗಿಲಲ್ಲೇ ಅದನ್ನು ಅಳಿಸಿ ಸೊನ್ನೆ ಮಾಡಬೇಕು. ಎಲ್ಲರಿಗೂ ಬೇಕಾದ ಕೆಲಸ ಇದು, ಅದನ್ನೇ ಹೇಳೋಕೆ ನನ್ನ ಮೆಸೇಜ್‌ನಲ್ಲಿ ದಾರಿ ಇರಲಿಲ್ಲ, ಯಾಕಂದರೆ ಸೊನ್ನೆಗೆ ನಾನು ಬೇರೆ ಅರ್ಥ ಕೊಟ್ಟುಬಿಟ್ಟಿದ್ದೆ.

ನಮ್ಮ ಓಣಿಯಲ್ಲಿ ಜೀನ್ಸ್ ಹೊಲಿಯುವ ಒಂದು ಘಟಕ ಇದೆ. ಅಲ್ಲಿ ಆಲ್ಟರೇಷನ್‌ಗೆ ಬಂದ ಪ್ಯಾಂಟಿಗೆ ಸಿಕ್ಕಿಸಿದ ಚೀಟಿಯಲ್ಲಿ ‘ಉದ್ದ 38’ ಅಂತ ಇದ್ದರೆ ಮುಗೀತು. ಸೊಂಟದ ಮಾತೇ ಇಲ್ಲ ಅಂದರೆ ಸೊಂಟ ಮುಟ್ಟಬಾರದು ಅಂತ ಅರ್ಥ. ನನಗೆ ಬೇಕಿದ್ದದ್ದೂ ಅದೇ ಅಲ್ವಾ?

ಕಂಟ್ರೋಲರ್ ಸ್ವಿಚ್ ಜೊತೆ ಮಾತಾಡೋಕೆ ಇರುವ ಓಪನ್‌ಫ್ಲೋ ಅನ್ನೋ ಪ್ರೋಟೋಕಾಲ್ ಕೂಡ ಇದೇ ಕಡೆ ಬಂದಿದೆ. 2009ರ 1.0 ಆವೃತ್ತಿಯಲ್ಲಿ ಫೀಲ್ಡಿಗೊಂದು, ಅಂದರೆ ಹೆಡರ್‌ನ ಒಂದೊಂದು ಜಾಗಕ್ಕೂ ಒಂದು, ಬೇರೆ ಆ್ಯಕ್ಷನ್ ಇತ್ತು. 2011ರ 1.2ರಲ್ಲಿ ಹೆಚ್ಚಿನವನ್ನು ಸೆಟ್‌ಫೀಲ್ಡ್ ಅನ್ನೋ ಒಂದೇ ಆ್ಯಕ್ಷನ್‌ಗೆ ಸೇರಿಸಿದರು: ಯಾವ ಫೀಲ್ಡ್, ಎಷ್ಟು ಉದ್ದ, ಏನು ವ್ಯಾಲ್ಯೂ. ನಾನೂ ಹಾಗೇ ತಿದ್ದಿದೆ. ಹೊಸ ಫೀಲ್ಡ್ ಬಂದರೂ ಹಳೆಯ ಮೆಸೇಜ್ ಒಡೆಯೋದಿಲ್ಲ.

ಆದರೂ ಇನ್ನೊಂದು ತಪ್ಪು ಉಳಿದಿತ್ತು, ನನಗೆ ಜಾಸ್ತಿ ನೋವು ಕೊಟ್ಟಿದ್ದು ಅದೇ. ಟಾಸ್ ಬೈಟ್‌ನಲ್ಲಿ ಮೇಲಿನ 6 ಬಿಟ್ ಡಿಎಸ್‌ಸಿಪಿ, ಕೆಳಗಿನ 2 ಬಿಟ್ ಇಸಿಎನ್. ದಾರಿಯಲ್ಲಿ ದಟ್ಟಣೆ ಇದೆ ಅಂತ ತಿಳಿಸುವ ಗುರುತು ಆ ಎರಡು ಬಿಟ್‌ನಲ್ಲೇ ಇರೋದು. ಬಂದ ಬೈಟ್ 186, ಅಂದರೆ 10111010: ಮೇಲಿನ ಆರು ಬಿಟ್ 46, ಕೆಳಗಿನ ಎರಡು 2. ನಾವು ಇಡೀ ಬೈಟ್‌ಗೆ ಸೊನ್ನೆ ಬರೆದರೆ ಇಸಿಎನ್ ಸುಮ್ನೆ ಅಳಿಸಿ ಹೋಗುತ್ತದೆ, ಯಾರಿಗೂ ಎರರ್ ಕಾಣಿಸೋದಿಲ್ಲ. ಅದಕ್ಕೇ ವ್ಯಾಲ್ಯೂ ಜೊತೆ ಮಾಸ್ಕ್ ಕಳಿಸಬೇಕು. ಇಲ್ಲಿ 252, ಅಂದರೆ 11111100. ಮಾಸ್ಕ್‌ನಲ್ಲಿ 1 ಇರುವ ಬಿಟ್ ಮಾತ್ರ ಬದಲಾಗಬೇಕು, ಉಳಿದದ್ದು ಹಳೆಯದೇ ಇರಬೇಕು. ಓಪನ್‌ಫ್ಲೋ ಸೆಟ್‌ಫೀಲ್ಡ್‌ಗೆ ಮಾಸ್ಕ್ ಬಂದದ್ದು 2014ರ 1.5ರಲ್ಲಿ.

ಐಪಿವಿ4 ಹೆಡರ್‌ನಲ್ಲಿ ಏನೇ ಬದಲಿಸಿದರೂ ಚೆಕ್‌ಸಮ್ (ಹೆಡರ್ ಕೆಟ್ಟಿಲ್ಲ ಅಂತ ನೋಡುವ ಲೆಕ್ಕ) ಮತ್ತೆ ಹಾಕಬೇಕು. ಅದು ಸ್ವಿಚ್‌ನ ಹೊಣೆ, ಮೆಸೇಜ್‌ಗೆ ಬೇಡ. ಗೊತ್ತಿಲ್ಲದ ಫೀಲ್ಡ್ ಬಂದರೆ ಸ್ವಿಚ್ ಅದನ್ನು ಬಿಟ್ಟು ಮುಂದೆ ಹೋಗಬಾರದು, ಇಡೀ ಮೆಸೇಜ್ ವಾಪಸ್ ಕಳಿಸಿ ಎರರ್ ಹೇಳಬೇಕು. ಇದರಲ್ಲಿ ನಾನು ಯಾರ ಮಾತಿಗೂ ಬಗ್ಗಲಿಲ್ಲ.

ತಿದ್ದಿದ ದಿನ ರಾತ್ರಿ ಅದೇ ಹುಡುಗ ಅದೇ 186ರ ಪ್ಯಾಕೆಟ್ ಬಿಟ್ಟು, ಪ್ಯಾಕೆಟ್‌ಗಳನ್ನು ತೋರಿಸುವ ಟಿಸಿಪಿಡಂಪ್‌ನಲ್ಲಿ ನೋಡಿದ. ಹೊರಗೆ ಬಂದ ಬೈಟ್ 2.