ಗೊಬ್ಬರದ ಕಾಟಾ ಮೇಲೆ ಸಫಾರಿ ಬ್ಯಾಗು

ಬೀಳಗಿಯಲ್ಲಿ ನಮ್ಮದು ಬೀಜ, ಗೊಬ್ಬರದ ಅಂಗಡಿ. ಜೂನ್‌ನಲ್ಲಿ ಅರ್ಧ ದಿನ ಬಾಗಲಕೋಟೆಗೆ ಹೋದರೂ ಫೋನ್ ಮೇಲೆ ಫೋನ್. ಅಂಥವನು ಈಗ ಆಫ್ರಿಕಾ ಸಫಾರಿಗೆ ತಾರೀಖು ಹುಡುಕುತ್ತ ಕೂತಿದ್ದೇನೆ. ಕಷ್ಟ ಏನಂದ್ರೆ, ದಕ್ಷಿಣ ಆಫ್ರಿಕಾದ ಕ್ರೂಗರ್ ಕಾಡಿನ ಕಡೆ ಪ್ರಾಣಿ ನೋಡೋಕೆ ಒಳ್ಳೆಯದು ಅವರ ಚಳಿಗಾಲ. ಅವರ ಚಳಿಗಾಲ ಅಂದ್ರೆ ನಮ್ಮ ಮುಂಗಾರು. ಅಲ್ಲಿ ಹುಲ್ಲು ಒಣಗಿ, ನೀರಿದ್ದ ಕಡೆಗೆ ಪ್ರಾಣಿಗಳು ಬರುವ ಹೊತ್ತಿಗೆ ಇಲ್ಲಿ ಯೂರಿಯಾಕ್ಕೆ ಜನ ಪಾಳಿ ಹಚ್ಚಿರುತ್ತಾರೆ.

ಇದೆಲ್ಲ ಶುರುವಾಗಿದ್ದು ಯಡಹಳ್ಳಿಯಲ್ಲಿ. ನಮ್ಮ ತಾಲೂಕಿನ ಚಿಂಕಾರ, ಅಂದ್ರೆ ಜಿಂಕೆಯಂಥ ಸಣ್ಣ ಚಿಗರಿಗಳ ವನ್ಯಧಾಮ, 2016ರಲ್ಲಿ ಘೋಷಣೆ ಆಗಿದ್ದು. ನಾಲ್ಕನೇ ಕ್ಲಾಸಿನ ಮಗಳನ್ನು ಕರ್ಕೊಂಡು ಹೋಗಿದ್ದೆ. ಒಂದು ತಾಸು ಕಾದ ಮೇಲೆ ಕುರುಚಲು ಗಿಡಗಳ ನಡುವೆ ಒಂದೇ ಒಂದು ಚಿಗರಿ ಕಂಡಿತು. ನಿಂತಲ್ಲೇ ನಿಂತು ಕರಿ ಬಾಲ ಪಟಪಟ ಅಲ್ಲಾಡಿಸಿತು, ಹಾರಿ ಹೋಯಿತು. ಮಗಳು ದಾರಿಯುದ್ದಕ್ಕೂ ಮಾತಾಡಲಿಲ್ಲ. ಮನೆಗೆ ಬಂದು, "ಪಪ್ಪಾ, ಸಿಂಹಾನೂ ಹಿಂಗ ಕಾದ ನೋಡಬೇಕು" ಅಂದಳು.

ಮೊದಲು ಒಬ್ಬ ಏಜೆಂಟ್‌ಗೆ ಹೇಳಿದೆ. ಸಣ್ಣ ಖಾಸಗಿ ರಿಸರ್ವ್ (ಖಾಸಗಿಯವರ ಪ್ರಾಣಿಧಾಮ), ರೇಟು ಕಡಿಮೆ, "ಮಕ್ಕಳು ಸಿಂಹದ ಮರಿ ಎತ್ಕೊಂಡು ಫೋಟೋ ತೆಗೆಸ್ಕೋಬಹುದು ಸರ್" ಅಂದ. ಮಗಳು ಕುಣಿದಾಡಿದಳು. ನನಗೆ ಮಾತ್ರ ಒಂದು ಪ್ರಶ್ನೆ ಕೊರೆಯಿತು. ಮರಿ ಕೈಗೆ ಸಿಗುತ್ತೆ ಅಂದ್ರೆ ತಾಯಿ ಎಲ್ಲಿ? ಓದುತ್ತ ಹೋದಂತೆ ಹೊಟ್ಟೆ ತೊಳಸಿತು. ಹುಟ್ಟಿದ ಕೆಲವೇ ದಿನಕ್ಕೆ ಮರಿಯನ್ನು ತಾಯಿಯಿಂದ ಕಿತ್ತು ಕೈಯಾರೆ ಸಾಕುತ್ತಾರೆ. ದೊಡ್ಡವಾದ ಮೇಲೆ ಅವುಗಳಲ್ಲಿ ಎಷ್ಟೋ ಸಿಂಹಗಳು ಬೇಲಿಯೊಳಗೆ ಗುಂಡು ಹೊಡೆಯುವ ಶಿಕಾರಿಗೆ ಮಾರಾಟವಾಗುತ್ತವೆ. ಮಗಳಿಗೆ ಅರ್ಧ ಮಾತ್ರ ಹೇಳಿದೆ. ಅಷ್ಟಕ್ಕೇ ಬೇಡ ಅಂದಳು.

ಆಮೇಲೆ ನಾನೇ ಕೂತು ಹುಡುಕಿದೆ. ಕ್ರೂಗರ್ ರಾಷ್ಟ್ರೀಯ ಉದ್ಯಾನ ಅಂದ್ರೆ ನಮ್ಮ ಬಾಗಲಕೋಟೆಯಂಥ ಮೂರು ಜಿಲ್ಲೆ ಸೇರಿಸಿದಷ್ಟು. ಅದರ ಪಶ್ಚಿಮಕ್ಕೆ ಸಾಬಿ ಸ್ಯಾಂಡ್, ಟಿಂಬವಾಟಿ, ಕ್ಲಾಸೆರಿ ಅಂತ ಖಾಸಗಿ ರಿಸರ್ವ್‌ಗಳಿವೆ. 1993ರ ಸುಮಾರಿಗೆ ನಡುವಿನ ಬೇಲಿ ತೆಗೆದರು. ಹಾಗಾಗಿ ಪ್ರಾಣಿಗಳು ಅತ್ತ ಇತ್ತ ಓಡಾಡುತ್ತವೆ, ಯಾರ ಆನೆ ಅಂತ ಕೇಳೋ ಹಾಗಿಲ್ಲ. ಪ್ರಾಣಿ ಒಂದೇ ಅಂದ ಮೇಲೆ ಖಾಸಗಿಯವರಿಗೆ ಅಷ್ಟೊಂದು ದುಡ್ಡು ಯಾಕೆ? ನನ್ನ ಲೆಕ್ಕದಲ್ಲಿ ಕೊಡೋದು ಪ್ರಾಣಿಗಲ್ಲ, ಸಮಾಧಾನಕ್ಕೆ. ಉದ್ಯಾನದಲ್ಲಿ ನಮ್ಮ ಕಾರು ರಸ್ತೆ ಬಿಟ್ಟು ಇಳಿಯೋ ಹಾಗಿಲ್ಲ, ಸಂಜೆ ಗೇಟು ಮುಚ್ಚುವುದರೊಳಗೆ ವಾಪಸ್ ಬರಬೇಕು. ಖಾಸಗಿ ಜಾಗದಲ್ಲಿ ತೆರೆದ ಜೀಪು, ಹಲವು ಕಡೆ ಬಾನೆಟ್ ಮೇಲಿನ ಪುಟ್ಟ ಸೀಟಿನಲ್ಲಿ ಹೆಜ್ಜೆ ಗುರುತು ನೋಡುವವನು. ಚಿರತೆ ಪೊದೆಗೆ ನುಗ್ಗಿದರೆ ಜೀಪೂ ಹಿಂದೆ ಹೋಗಬಹುದು. ಒಂದು ಪ್ರಾಣಿ ಹತ್ತಿರ ಸಾಮಾನ್ಯವಾಗಿ ಎರಡೋ ಮೂರೋ ಜೀಪು, ಅಷ್ಟೇ. ಕತ್ತಲಾದ ಮೇಲೂ ಲೈಟು ಹಿಡಿದು ತಿರುಗುತ್ತಾರೆ.

ಅದಕ್ಕೇ ನಾಲ್ಕು ಊರು ಸುತ್ತುವ ಪ್ಯಾಕೇಜ್ ಬಿಟ್ಟೆವು. ಒಂದೇ ಸಣ್ಣ ಲಾಡ್ಜ್, ಮೂರು ರಾತ್ರಿ. ದಿನಕ್ಕೆ ನಸುಕಿನಲ್ಲೊಂದು, ಸಂಜೆಗೊಂದು ಸುತ್ತು. ಊಟ, ಜೀಪು ಎಲ್ಲ ಬಾಡಿಗೆಯಲ್ಲೇ. ಗೇಟಿನಲ್ಲಿ ಕಟ್ಟುವ ಸಂರಕ್ಷಣಾ ಶುಲ್ಕ ಮಾತ್ರ ಬಹಳ ಕಡೆ ಬೇರೆ ಇರುತ್ತದೆ, ಮೊದಲೇ ಕೇಳಿ. ಮಕ್ಕಳಿದ್ದರೆ ವಯಸ್ಸೂ ಹೇಳಿ. ಆರು ವರ್ಷದೊಳಗಿನವರನ್ನು ಎಷ್ಟೋ ಕಡೆ ಜೀಪಿಗೆ ಹತ್ತಿಸೋದಿಲ್ಲ.

ತಾರೀಖು ಕೊನೆಗೆ ಸೆಪ್ಟೆಂಬರ್‌ಗೆ ಬಂತು. ಮುಂಗಾರಿ ಗದ್ದಲ ಇಳಿದಿರುತ್ತದೆ, ಹಿಂಗಾರಿ ಜೋಳ, ಕಡಲೆ ಬೀಜಕ್ಕೆ ಇನ್ನೂ ಜನ ಬಂದಿರೋದಿಲ್ಲ. ನಡುವೆ ಗಣಪತಿಯನ್ನೂ ಕಳಿಸಿ ಹೋಗಬೇಕು, ಇಲ್ಲಾಂದ್ರೆ ಅವ್ವ ಬಿಡೋದಿಲ್ಲ. ಅಲ್ಲಿ ಮಲೇರಿಯಾ ಉಂಟು, ಮಾತ್ರೆಗೆ ಡಾಕ್ಟರನ್ನು ಕೇಳಬೇಕು. ಮಲೇರಿಯಾ ಇಲ್ಲದ ಮಡಿಕ್ವೆ ರಿಸರ್ವ್ ಬಗ್ಗೆಯೂ ವಿಚಾರಿಸಿದ್ದೆ, ದಕ್ಷಿಣ ಆಫ್ರಿಕಾದಲ್ಲೇ ಬೋಟ್ಸ್‌ವಾನಾ ಗಡಿಯಲ್ಲಿದೆ. ಮಗಳು ಸಣ್ಣವಳಿದ್ದಿದ್ದರೆ ಅದೇ ಗಟ್ಟಿಯಾಗುತ್ತಿತ್ತು.

ವೀಸಾಕ್ಕೆ ಮಗಳ ಜನನ ಪ್ರಮಾಣಪತ್ರ ಬೇಕು, ಅದರಲ್ಲಿ ತಂದೆ ತಾಯಿ ಇಬ್ಬರ ಹೆಸರೂ ಇರಬೇಕು. ನಮ್ಮದರಲ್ಲಿ ನನ್ನ ಹೆಂಡತಿ ಹೆಸರಿನ ಒಂದು ಅಕ್ಷರ ತಪ್ಪಾಗಿತ್ತು. ಆ ಒಂದು ಅಕ್ಷರಕ್ಕೆ ಐದು ಸಲ ಕಚೇರಿ ಮೆಟ್ಟಿಲು ಹತ್ತಿದೆ.

ಹೋದ ಭಾನುವಾರ ಬ್ಯಾಗಿನ ಪರೀಕ್ಷೆ ನಡೆಯಿತು. ಲಾಡ್ಜ್ ಕಡೆ ಹೋಗುವ ಸಣ್ಣ ವಿಮಾನಗಳಲ್ಲಿ ಸಾಮಾನ್ಯವಾಗಿ ಒಬ್ಬರಿಗೆ 15ರಿಂದ 20 ಕಿಲೋ, ಅದೂ ಮೆತ್ತನೆ ಬ್ಯಾಗು. ಅಂಗಡಿಯ ಕಾಟಾ ಮೇಲಿನ ಗೊಬ್ಬರದ ಪುಡಿ ಒರೆಸಿ ಬ್ಯಾಗು ಇಟ್ಟೆವು. ನಸುಕಿನ ಚಳಿಗೆ ಸ್ವೆಟರ್, ಮಂಕಿ ಟೋಪಿ, ದುರ್ಬೀನು ಎಲ್ಲ ಸೇರಿ ಹನ್ನೊಂದು ಕಿಲೋ. ಅವ್ವ ಬಾಗಿಲಲ್ಲೇ ನಿಂತು ನೋಡುತ್ತಿದ್ದಳು.

"ಸಿಂಹ ನೋಡಾಕ ಅಷ್ಟ ದೂರ ಯಾಕೋ? ಪಟ್ಟದಕಲ್ಲಿನಾಗ ಇಲ್ಲೇನ?"

"ಅವು ಕಲ್ಲಿನವು, ಅಜ್ಜಿ" ಅಂದಳು ಮಗಳು.

"ಅದಕ್ಕ, ಕಡಿಯೂದಿಲ್ಲ" ಅಂತ ಒಳಗೆ ಹೋಗಿ ಖಡಕ್ ರೊಟ್ಟಿ ಡಬ್ಬಿ ತಂದು ಬ್ಯಾಗಿನ ಮೇಲೆ ಇಟ್ಟಳು. ಹದಿಮೂರು ಕಿಲೋ. ಅಲ್ಲಿ ಕಸ್ಟಮ್ಸ್‌ನವರು ತಿನ್ನೋ ಸಾಮಾನು ಕೇಳ್ತಾರವ್ವ ಅಂದೆ. "ಕೇಳಿದ್ರ ಅವರಿಗೂ ಎರಡು ಕೊಡು. ಹದಿನೈದಕ್ಕ ಇನ್ನೂ ಎರಡು ಕಿಲೋ ಐತಲ್ಲ?" ಅಂತ ಶೇಂಗಾ ಚಟ್ನಿ ತರಲು ಮತ್ತೆ ಒಳಗೆ ಹೋದಳು.